ರೂಮಿನಲ್ಲೇ ತಪ್ಪು ಮಾಡಿ ಕಲಿಯಿರಿ



ಊರಲ್ಲಿ ನರ್ಸಿಂಗ್ ಕಲಿತು ಬ್ರಿಟನ್ನಿಗೆ ಬಂದ ನಮಗೆ ಓಸ್ಕಿ ಪಾಸಾಗದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ನರ್ಸ್ ಕೆಲಸವೂ ಇಲ್ಲ. ಅದರಲ್ಲಿ 10 ಸ್ಟೇಷನ್. ಬರೀ ಓದಿದರೆ ಸಾಲದು, ಮಾಡಿ ತೋರಿಸಬೇಕು.

ರೂಮಿನಲ್ಲಿ ಮೂವರಿದ್ದೀರಾ? ಆಟ ಆಡಿ. ಒಬ್ಬರು ರೋಗಿ, ಒಬ್ಬರು ನರ್ಸ್, ಇನ್ನೊಬ್ಬರು ಪರೀಕ್ಷಕರು. ಟೈಮರ್ ಇಟ್ಟು ಫೋನಿನಲ್ಲಿ ವಿಡಿಯೊ ಮಾಡಿ. ಕೈ ತೊಳೆದಿರಾ, ಹೆಸರು ಕೇಳಿದಿರಾ, ಅಲರ್ಜಿ ವಿಚಾರಿಸಿದಿರಾ? ಆಮೇಲೆ ನೋಡಿ ಅಂಕ ಹಾಕಿ. ವಾರ್ಡಿನ ರೋಗಿಯ ವಿಡಿಯೊ ಮಾತ್ರ ಎಂದೂ ಬೇಡ.

ಸಿಪಿಆರ್‌ಗೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಮೆಟ್ರೊನೋಮ್ ಆ್ಯಪನ್ನು 110ಕ್ಕೆ ಇಟ್ಟು ದಿಂಬಿನ ಮೇಲೆ ಲಯ ಹಿಡಿಯಿರಿ. ಗೆಳತಿಯ ಎದೆಯ ಮೇಲೆ ಬೇಡ. 5ರಿಂದ 6 ಸೆಂ.ಮೀ. ಆಳ ಬೊಂಬೆಯ ಮೇಲೇ ಕಲಿಯಬೇಕು. ಆಸ್ಪತ್ರೆಯ ತರಬೇತಿ ವಿಭಾಗದಲ್ಲಿ ಸಮಯ ಕೇಳಿ, ಸಂಕೋಚ ಪಡಬೇಡಿ.

ರೂಮಿನಲ್ಲಿ ತಪ್ಪಿದರೆ ನಕ್ಕು ತಿದ್ದಿಕೊಳ್ಳಬಹುದು. ವಾರ್ಡಿನಲ್ಲಿ ತಪ್ಪಿದರೆ ಒಂದು ಜೀವ.