ಉತ್ತರಾಣಿಯ ಗುರುತು



ಮಳೆಗಾಲ ಕಳೆದ ಮೇಲೆ ಬೇಲಿಯ ಬದಿ ನಡೆದರೆ ಬಟ್ಟೆಗೆ ಮುಳ್ಳುಬೀಜಗಳು ಅಂಟುತ್ತವೆ. ಕನ್ನಡದಲ್ಲಿ ಉತ್ತರಾಣಿ, ಉರ್ದುವಿನಲ್ಲಿ ಚಿರ್ಚಿಟಾ. ಹೆಸರು ಎರಡು, ಗಿಡ ಒಂದೇ. ಆದರೆ ಅಂಟಿದ್ದೆಲ್ಲವೂ ಉತ್ತರಾಣಿಯಲ್ಲ.

ಉತ್ತರಾಣಿಯ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಉದ್ದನೆಯ ತೆನೆಯಲ್ಲಿ ಸಣ್ಣ ಹಸಿರು ಹೂಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತವೆ. ಅರಳಿದ ಹೂ ನೆಲದ ಕಡೆಗೆ ಬಾಗುತ್ತದೆ. ಆದ್ದರಿಂದ ತೆನೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿದರೆ ಚುಚ್ಚುತ್ತದೆ. ಬೀಜವು ಕಪ್ಪು ಸೂಜಿಯಂತಿದ್ದು ತುದಿಯಲ್ಲಿ ಎರಡು ಮೂರು ಕೊಕ್ಕೆಮುಳ್ಳುಗಳಿದ್ದರೆ ಅದು ಅಮೆರಿಕ ಮೂಲದ ಬೈಡೆನ್ಸ್ ಪೈಲೋಸಾ.

ಔಷಧಿಗೆಂದು ಗಿಡ ಕಿತ್ತು ತರುವವರು ಇಂದಿಗೂ ನಮ್ಮಲ್ಲಿದ್ದಾರೆ. ಗಿಡ ತಪ್ಪಿದರೆ ಔಷಧಿಯೂ ತಪ್ಪಿತು. ವಿದ್ಯಾರ್ಥಿಗಳೇ, ಹೆಸರು ಹೇಳುವ ಮುಂಚೆ ಎಲೆ, ಹೂ, ಬೀಜ ಮೂರನ್ನೂ ನೋಡಿ.