ಕರವೂ ದಾಸೋಹವೂ

ಶ್ರೀಮಠದ ಮಹೋತ್ಸವ ಸಭೆಯಲ್ಲಿ ನಡೆದ ಉಪನ್ಯಾಸ



ತುಂಗಭದ್ರೆಯ ತಡಿಯಲ್ಲಿರುವ ಚೀಕಲಪರ್ವಿಯು ಮಾನ್ವಿ ಸೀಮೆಯ ಚಿಕ್ಕ ಗ್ರಾಮವಾದರೂ, ಹರಿದಾಸವರೇಣ್ಯರಾದ ವಿಜಯದಾಸರ ಜನ್ಮಭೂಮಿಯೆಂದು ಕನ್ನಡನಾಡಿಗೆಲ್ಲ ಪರಿಚಿತವಾಗಿರುವುದು. ಇಂತಹ ಗ್ರಾಮಗಳ ಹಿರಿಯರಿಗೆ ಕರವೆಂದರೇನು, ದಾನವೆಂದರೇನು ಎಂಬುದನ್ನು ಗ್ರಂಥದಿಂದ ತಿಳಿಸಬೇಕಾಗಿರಲಿಲ್ಲ. ಸುಗ್ಗಿಯ ಕಣವೇ ಅವರ ಪಾಠಶಾಲೆಯಾಗಿತ್ತು. ಜೋಳದ ರಾಶಿಯನ್ನು ಪೂಜಿಸಿದ ಒಕ್ಕಲಿಗನು ಅದನ್ನು ಹಗೇವಿಗೆ ತುಂಬುವ ಮೊದಲು ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯದವರಿಗೆ ಅವರವರ ಪಾಲನ್ನು ಅಳೆದುಕೊಡುತ್ತಿದ್ದನು. ಮಠಕ್ಕೂ ಜಂಗಮಕ್ಕೂ ಬೇಡಿ ಬಂದವರಿಗೂ ಮೊರ ತುಂಬಿ ನೀಡುತ್ತಿದ್ದನು. ಅರಸನ ಪಾಲು ಬೇರೆಯೇ ಸಲ್ಲುತ್ತಿತ್ತು. ಉಳಿದದ್ದು ಮಾತ್ರ ಮನೆಯದು. ರಾಶಿಯು ಒಬ್ಬನ ಹೊಲದಲ್ಲಿ ಬೆಳೆದರೂ ಒಬ್ಬನಿಂದಲೇ ಬೆಳೆದದ್ದಲ್ಲವೆಂಬ ಅರಿವೇ ಈ ವಾಡಿಕೆಯ ಮೂಲವಾಗಿದ್ದಿತು.

ಆದರೆ ಆ ಕಣದಲ್ಲಿ ಒಂದು ಕಳಂಕವೂ ಇದ್ದಿತೆಂಬುದನ್ನು ಮರೆಮಾಚತಕ್ಕದ್ದಲ್ಲ. ಎಲ್ಲರಿಗಿಂತ ಹೆಚ್ಚು ದುಡಿದವನು ಅನೇಕ ವೇಳೆ ಕಣದ ಅಂಚಿನಲ್ಲಿ, ದೂರದಲ್ಲಿ ನಿಂತು, ಎಲ್ಲರಿಗಿಂತ ಕಡಿಮೆಯನ್ನು ಪಡೆದು, ಕೊಟ್ಟವನಿಗೆ ಕೈಮುಗಿದು ಹೋಗಬೇಕಾಗಿತ್ತು. ಅದು ದಾನವಾದೀತು, ದಾಸೋಹವಾಗಲಾರದು. ‘ದಾಸೋಹಂ’ ಎಂದರೆ ‘ನಾನು ದಾಸನು’ ಎಂದರ್ಥ. ಅಲ್ಲಿ ಕೊಡುವವನೇ ಸೇವಕನು, ಪಡೆಯುವವನೇ ಒಡೆಯನು. ಶರಣರು ತಂದ ಈ ಒಂದು ಮಾರ್ಪಾಡಿನಲ್ಲಿ ಸಮಾಜನೀತಿಯ ಸಾರವೆಲ್ಲ ಅಡಕವಾಗಿದೆ. ಇದನ್ನು ಕೊಡುವವನ ಧರ್ಮ, ಕಾಯುವವನ ಧರ್ಮ, ಪಡೆಯುವವನ ಧರ್ಮವೆಂದು ಮೂರು ವಿಧವಾಗಿ ವಿಚಾರಿಸಬಹುದು.

ಮೊದಲನೆಯದು ಕೊಡುವವನ ಧರ್ಮ. ಕಲ್ಯಾಣದ ಚಾಲುಕ್ಯರ ಹಾಗೂ ಕಳಚುರಿಗಳ ಕಾಲದ ಶಾಸನಗಳಲ್ಲಿ ಸಿದ್ಧಾಯ, ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಕರಗಳ ಹೆಸರುಗಳು ಬರುತ್ತವೆ. ಸುಂಕದ ಅಧಿಕಾರಿಗಳೇ ಆ ಸುಂಕದ ಒಂದಂಶವನ್ನು ದೇಗುಲಗಳಿಗೂ ಮಠಗಳಿಗೂ ಬಿಟ್ಟುಕೊಟ್ಟುದು ಅವುಗಳಿಂದ ತಿಳಿದುಬರುತ್ತದೆ. ಬಿಜ್ಜಳನ ಕಾಲದ, 1162ನೆಯ ಇಸವಿಯ ಶಾಸನವೊಂದು ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುತ್ತ, ಅದು ಸಕಲ ಶಾಸ್ತ್ರಗಳ ವ್ಯಾಖ್ಯಾನದ ನೆಲೆಯೆಂದು ಹೇಳುವುದಲ್ಲದೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನವೀಯುವ ಸ್ಥಾನವೆಂದೂ, ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೆಂದೂ ಹೇಳುತ್ತದೆ. ವಿದ್ಯೆ, ಅನ್ನ, ಔಷಧ ಎಂಬ ಮೂರೂ ಒಂದೇ ಬಾಗಿಲಲ್ಲಿ ದೊರೆಯುತ್ತಿದ್ದವು. ಇಂದು ಪಾಠಶಾಲೆ, ಪಡಿತರ, ಆಸ್ಪತ್ರೆಗಳೆಂದು ಸರ್ಕಾರವು ನಡೆಸುವುದೂ ಅದನ್ನೇ. ಅವೆಲ್ಲಕ್ಕೂ ದ್ರವ್ಯವು ಪ್ರಜೆಗಳ ಕರದಿಂದಲೇ ಬರತಕ್ಕದ್ದು.

ಇಲ್ಲೊಂದು ಆಕ್ಷೇಪವುಂಟು. ‘ಕೊಟ್ಟ ಹಣವು ನಡುವೆ ಸೋರಿಹೋಗುವುದು, ಆದುದರಿಂದ ಕರವನ್ನು ತಪ್ಪಿಸಿ, ಅದೇ ಹಣವನ್ನು ಮಠಕ್ಕೆ ಕಾಣಿಕೆಯಾಗಿ ಸಲ್ಲಿಸಿದರೆ ಪುಣ್ಯವಲ್ಲವೆ?’ ಎಂದು ಕೆಲವರು ಕೇಳುವರು. ಸಜ್ಜನರೇ ಕೇಳುವುದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅನ್ಯಾಯದ ಕರವನ್ನು ಎದುರಿಸಬಾರದೆಂದು ಯಾರೂ ಹೇಳಲಾರರು. 1930ರಲ್ಲಿ ಅಂಕೋಲೆಯ ಜನರು ಬಡವನ ಉಪ್ಪಿನ ಮೇಲೆ ಕುಳಿತ ಕರವನ್ನು ಮುರಿದರು. ಮುಂದೆ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆಯನ್ನು ಕೈಕೊಂಡು ಹೊಲಮನೆಗಳನ್ನೇ ಕಳೆದುಕೊಂಡರು. ಆದರೆ ಅವರು ಹಗಲಿನಲ್ಲಿ, ಹೆಸರು ಹೇಳಿ, ನಷ್ಟವನ್ನು ತಮ್ಮ ಮೇಲೆ ಹೊತ್ತುಕೊಂಡು ನಿರಾಕರಿಸಿದರು. ಕತ್ತಲೆಯಲ್ಲಿ ಎರಡು ಲೆಕ್ಕದ ಪುಸ್ತಕಗಳನ್ನಿಟ್ಟು ತಪ್ಪಿಸುವವನು ಲಾಭವನ್ನು ತಾನು ಇಟ್ಟುಕೊಂಡು ನಷ್ಟವನ್ನು ನೆರೆಯವನ ಮೇಲೆ ಹೊರಿಸುವನು. ಅಂತಹ ಹಣವು ಕಾಯಕದ ಫಲವಲ್ಲ. ಕಾಯಕದ ಫಲವಲ್ಲದುದು ದಾಸೋಹಕ್ಕೆ ಸಲ್ಲದು. ಇದನ್ನು ಭಕ್ತನು ಅರಿತರೆ ಸಾಲದು, ಕಾಣಿಕೆಯನ್ನು ಸ್ವೀಕರಿಸುವ ಮಠವೂ ಅರಿಯಬೇಕು. ಬಡವನ ಮಗುವಿನ ಶಾಲೆಗೆ ಸಲ್ಲಬೇಕಾದ ಹಣದಿಂದ ಗೋಪುರವು ಎತ್ತರವಾದರೆ ಅದು ಶಿವನಿಗೆ ಪ್ರೀತಿಯಾದೀತೆ?

ಎರಡನೆಯದು ಕಾಯುವವನ ಧರ್ಮ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದು ಸರ್ವವಿದಿತವಾದುದು. ಅರಸನ ಭಂಡಾರವನ್ನು ಜಂಗಮರಿಗೆ ಸೂರೆಮಾಡುತ್ತಿರುವರೆಂದು ಕೊಂಡೆಯರು ದೂರಿತ್ತಾಗ, ಭಂಡಾರವನ್ನು ತೆರೆದು ಎಣಿಸಲಾಗಿ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುವುವು. ಇದನ್ನು ಶಿವನ ಪವಾಡವೆಂದು ಭಕ್ತರು ಕೊಂಡಾಡುವರು. ಆದರೆ ಪವಾಡಕ್ಕೆ ಮುಂಚೆ ನಡೆದ ಸಂಗತಿಯೊಂದನ್ನು ಗಮನಿಸಬೇಕು. ಲೆಕ್ಕವನ್ನು ಕೇಳಿದಾಗ ಬಸವಣ್ಣನವರು ಸಿಟ್ಟಾಗಲಿಲ್ಲ, ‘ನನ್ನ ಭಕ್ತಿಯನ್ನು ಶಂಕಿಸುವಿರಾ?’ ಎಂದು ಕೇಳಲಿಲ್ಲ. ಭಂಡಾರದ ಬಾಗಿಲನ್ನು ತೆರೆದು ತೋರಿಸಿದರು. ರಾಜ್ಯದ ಹಣ ರಾಜ್ಯದ್ದು, ದಾಸೋಹದ ಹಣ ತನ್ನ ಕಾಯಕದ್ದು ಎಂಬ ಗೆರೆಯು ಅವರ ಮನಸ್ಸಿನಲ್ಲಿ ಅಳಿಸಿರಲಿಲ್ಲ. ಹಣವು ಸೋರುವುದೆಂಬ ಆಕ್ಷೇಪಕ್ಕೂ ಇದೇ ಉತ್ತರ. ಕೊಡ ಸೋರಿದರೆ ರಂಧ್ರವನ್ನು ಹುಡುಕಬೇಕೇ ಹೊರತು ಬಾವಿಯನ್ನು ಮುಚ್ಚಬಾರದು. 2005ರ ಮಾಹಿತಿ ಹಕ್ಕಿನ ಕಾನೂನು ಲೆಕ್ಕ ಕೇಳುವ ಅಧಿಕಾರವನ್ನು ಸಾಮಾನ್ಯ ಒಕ್ಕಲಿಗನಿಗೂ ಕೊಟ್ಟಿರುತ್ತದೆ.

ಈ ನ್ಯಾಯವು ಮಠಗಳಿಗೂ ಅನ್ವಯಿಸುವುದು. ಧರ್ಮದತ್ತಿಗಳಿಗೆ ಆದಾಯದ ಮೇಲಿನ ಕರದಿಂದ ವಿನಾಯಿತಿಯುಂಟು. ಆದರೆ ಆದಾಯದಲ್ಲಿ ನೂರಕ್ಕೆ 85ರಷ್ಟನ್ನಾದರೂ ಧರ್ಮಕಾರ್ಯಕ್ಕೆ ವಿನಿಯೋಗಿಸತಕ್ಕದ್ದೆಂಬುದು ಅದರ ಸಾಮಾನ್ಯ ನಿಬಂಧನೆ. ಸರ್ಕಾರವು ಬಿಟ್ಟುಕೊಟ್ಟ ಕರವು ಮಠದ ಲಾಭವಲ್ಲ, ಮಠದ ಮೇಲಿನ ಋಣ. ಸಿದ್ಧಗಂಗೆಯಂತಹ ಕ್ಷೇತ್ರಗಳಲ್ಲಿ ಸಹಸ್ರಾರು ಬಡ ವಿದ್ಯಾರ್ಥಿಗಳು ಜಾತಿಭೇದವಿಲ್ಲದೆ ಉಂಡು ಓದಿದುದು ಆ ಋಣವನ್ನು ತೀರಿಸುವ ಬಗೆಯನ್ನು ತೋರಿಸುತ್ತದೆ.

ಮೂರನೆಯದು ಪಡೆಯುವವನ ಧರ್ಮ. ಇದನ್ನು ಕಲಿಸಿದವರು ಈ ರಾಯಚೂರು ಸೀಮೆಯವರೇ, ಲಿಂಗಸುಗೂರಿನ ಬಳಿಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ನಿತ್ಯದ ಅಳತೆಗೆ ಮೀರಿದುದು ತಮ್ಮದಲ್ಲವೆಂದು, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದರು. ಆ ತಾಯಿಯ ಮನೆಯಲ್ಲಿ ನಾಳೆಗೆ ಏನೂ ಇರಲಿಲ್ಲವೆಂಬುದನ್ನು ನೆನೆದರೆ ಈ ಮಾತಿನ ತೂಕವು ತಿಳಿದೀತು. ಇಂದು ಉಳ್ಳವನು ಬಡವರ ಪಡಿತರ ಚೀಟಿಯನ್ನು ಕೈಯಲ್ಲಿಟ್ಟುಕೊಂಡರೆ, ಅವನು ಒಯ್ಯುವ ಅಕ್ಕಿಯು ಸರ್ಕಾರದ್ದಲ್ಲ, ಸಾಲಿನಲ್ಲಿ ಹಿಂದೆ ನಿಂತವನದು. ಹಾಗೆಯೇ ನಿಜವಾಗಿ ಹಸಿದವನು ಪಡೆಯಲು ನಾಚಬೇಕಾಗಿಲ್ಲ. ಕೊಡುವವನು ‘ಕೊಟ್ಟೆ’ನೆಂದು ಹಂಗಿಸತಕ್ಕದ್ದೂ ಅಲ್ಲ. ಅದು ಅವನ ಪಾಲು.

ಲಕ್ಕಮ್ಮನವರ ಅಳತೆಯು ಅಕ್ಕಿಗೆ ಮಾತ್ರವಲ್ಲ, ನೀರಿಗೂ ಸಲ್ಲುವುದು. 1945ರಲ್ಲಿ ಅಡಿಗಲ್ಲಿಟ್ಟ ತುಂಗಭದ್ರಾ ಅಣೆಕಟ್ಟೆಯು ಸಾರ್ವಜನಿಕ ದ್ರವ್ಯದಿಂದ ಎದ್ದುನಿಂತಿತು. ಅದರ ಎಡದಂಡೆ ಕಾಲುವೆಯು ಬರದ ನಾಡಿಗೆ ಬತ್ತವನ್ನು ತಂದಿತು. ಆದರೆ ಮೇಲಿನವರು ಅಳತೆ ಮೀರಿ ನೀರೆತ್ತಿದಾಗ ಮಾನ್ವಿ, ರಾಯಚೂರುಗಳ ಕೊನೆಯಂಚಿನ ಹೊಲಗಳು ಒಣಗುವುವು. ಇದು ವರ್ಷವರ್ಷವೂ ಕೇಳಿಬರುವ ಗೋಳು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಮೇಲಿನ ರೈತನೂ ಕೆಳಗಿನ ರೈತನೂ ಒಂದೇ ಭಯದಿಂದ ಎಚ್ಚತ್ತರು. ಹರಿದುಹೋಗುವ ನೀರು ತಮ್ಮೆಲ್ಲರದೆಂದು ಆ ರಾತ್ರಿ ತಿಳಿಯಿತು. ಗೇಟು ಮುರಿದಾಗ ಹುಟ್ಟುವ ಈ ಅರಿವು ಗೇಟು ಗಟ್ಟಿಯಾಗಿದ್ದಾಗಲೂ ಇರಬೇಕು.

ಆದುದರಿಂದ ಭಕ್ತಮಹಾಶಯರೇ, ದುಡಿದು ಕೊಡುವುದು, ತೆರೆದು ತೋರಿಸುವುದು, ಅಳೆದು ಪಡೆಯುವುದು, ಈ ಮೂರೂ ಕೂಡಿದಲ್ಲಿ ಕರವು ದಾಸೋಹವಾಗುವುದು. ಒಂದು ತಪ್ಪಿದರೂ ದಾಸೋಹವು ಬರಿಯ ಸಂತರ್ಪಣೆಯಾಗಿ ಉಳಿಯುವುದು. ಶ್ರೀಮಠದ ಈ ಮಹೋತ್ಸವದಲ್ಲಿ ಪ್ರಸಾದದ ಪಂಕ್ತಿಗೆ ಕುಳಿತಾಗ, ಪಂಕ್ತಿಯ ಕೊನೆಯಲ್ಲಿ ಕುಳಿತವನ ಎಲೆಯ ಕಡೆಗೆ ಪ್ರತಿಯೊಬ್ಬರ ದೃಷ್ಟಿಯೂ ಒಮ್ಮೆ ಹೊರಳಲಿ.