ಬಸದಿಯ ಭಾಷೆ, ವಿದ್ಯಾಪೀಠದ ಅಭ್ಯಾಸ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಜಿನಬಿಂಬದ ಪ್ರತಿಷ್ಠೆಯು ಸಾಂಗವಾಗಿ ನೆರವೇರಿದೆ. ಇನ್ನು ಮುಂದೆ ಈ ಬಸದಿಯಲ್ಲಿ ನಿತ್ಯವೂ ಅಭಿಷೇಕ, ಪೂಜೆ, ಸ್ವಾಧ್ಯಾಯಗಳು ನಡೆಯತಕ್ಕವು. ಅವುಗಳಿಗೆಲ್ಲ ಮೊದಲು ಕೇಳಿಬರುವುದು 35 ಅಕ್ಷರಗಳ ಣಮೋಕಾರ ಮಂತ್ರ. ಅದು ಚಿಕ್ಕ ಕೂಸಿಗೂ ಬಾಯಿಪಾಠ. ಆದರೆ ಅದರ ಭಾಷೆ ಯಾವುದೆಂದು ಕೇಳಿದರೆ, ಹಿರಿಯರಲ್ಲಿಯೂ ಅನೇಕರು ಸಂಸ್ಕೃತವೆಂದು ಉತ್ತರಿಸುವುದುಂಟು. ಅದು ಪ್ರಾಕೃತ.

ಭಗವಾನ್ ಮಹಾವೀರರು ಜನಸಾಮಾನ್ಯರಿಗೆ ತಿಳಿಯುವ ನುಡಿಯಲ್ಲಿ ಉಪದೇಶ ಮಾಡಿದರು. ಶ್ವೇತಾಂಬರ ಆಗಮಗಳ ಭಾಷೆ ಅರ್ಧಮಾಗಧಿ; ಕುಂದಕುಂದಾಚಾರ್ಯರ ಗ್ರಂಥಗಳದೂ ಷಟ್ಖಂಡಾಗಮದ್ದೂ ಶೌರಸೇನಿ. ಕನ್ನಡಕ್ಕೂ ಈ ನುಡಿಗಳಿಗೂ ಹಳೆಯ ನಂಟಿದೆ. ಸಂಸ್ಕೃತದ 'ವಸತಿ' ಕನ್ನಡಿಗರ ಬಾಯಲ್ಲಿ 'ಬಸದಿ' ಆಯಿತು. 'ಶ್ರಮಣ'ನು ಪ್ರಾಕೃತದ 'ಸಮಣ'ನಾಗಿ ಕನ್ನಡದಲ್ಲಿ 'ಸವಣ'ನಾದನು. ಕನ್ನಡದ ಪ್ರಾಚೀನ ಗದ್ಯಗ್ರಂಥವಾದ ವಡ್ಡಾರಾಧನೆಯ 19 ಕಥೆಗಳೂ ಪ್ರಾಕೃತ ಗಾಹೆಗಳಿಂದಲೇ ಆರಂಭವಾಗುತ್ತವೆ. ಪ್ರಾಕೃತವನ್ನು ಮರೆತವನಿಗೆ ಕನ್ನಡದ ಬೇರೂ ಅರ್ಧ ಮರೆಯಾಗುತ್ತದೆ.

ಮರೆತರೆ ಏನಾಗುವುದೆಂಬುದಕ್ಕೆ ಮೂಡಬಿದಿರೆಯ ನಿದರ್ಶನವೇ ಸಾಕು. ಧವಲಾದಿ ಸಿದ್ಧಾಂತ ಗ್ರಂಥಗಳ ತಾಡಪತ್ರ ಪ್ರತಿಗಳು ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಗನ್ನಡ. ಭಕ್ತರು ದೂರದಿಂದ ಬಂದು ದರ್ಶನ ಪಡೆದು ಹೋಗುತ್ತಿದ್ದರು. ಓದಿ ಅರ್ಥ ಹೇಳಬಲ್ಲವರು ವಿರಳವಾಗಿದ್ದರು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಮುಂದೆ 16 ಸಂಪುಟಗಳಾಗಿ ಧವಲಾ ಟೀಕೆ ಅಚ್ಚಾದ ಮೇಲೆಯೇ ಅದು ಜಿಜ್ಞಾಸುಗಳ ಕೈಸೇರಿತು. ಭಕ್ತಿಯು ಗ್ರಂಥವನ್ನು ಉಳಿಸಿತು. ಅದನ್ನು ಮಾತನಾಡಿಸಿದ್ದು ಭಾಷಾಭ್ಯಾಸ.

ಆ ಅಭ್ಯಾಸಕ್ಕೆ ಈ ನಾಡೇ ಒಬ್ಬ ಮಹಾವಿದ್ವಾಂಸರನ್ನು ಕೊಟ್ಟಿದೆ. ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ 1906ರಲ್ಲಿ ಜನಿಸಿದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು ಮುಂಬಯಿ ವಿಶ್ವವಿದ್ಯಾಲಯದಿಂದ 1930ರಲ್ಲಿ ಎಂ.ಎ. ಪದವಿ ಪಡೆದು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಅರ್ಧಮಾಗಧಿಯನ್ನು ಕಲಿಸಿದರು. 1935ರಲ್ಲಿ ಅವರು ಸಂಪಾದಿಸಿದ ಪ್ರವಚನಸಾರವನ್ನು ವಿದ್ವಲ್ಲೋಕ ತಲೆದೂಗಿ ಸ್ವಾಗತಿಸಿತು. 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಮೊದಲ ಪ್ರಾಧ್ಯಾಪಕರಾದರು. 1975ರಲ್ಲಿ ಅವರು ದಿವಂಗತರಾದರು.

ಧಾರವಾಡವೂ ಹಿಂದೆ ಉಳಿಯಲಿಲ್ಲ. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಡಾ. ಬಿ. ಕೆ. ಖಡಬಡಿಯವರು ಪ್ರಾಕೃತ ಅಧ್ಯಯನವನ್ನು ಬೆಳೆಸಿದರು. ವಡ್ಡಾರಾಧನೆಯನ್ನು ಕುರಿತ ಅವರ ಸಂಶೋಧನ ಗ್ರಂಥವನ್ನು 1979ರಲ್ಲಿ ಆ ವಿಶ್ವವಿದ್ಯಾಲಯವೇ ಪ್ರಕಟಿಸಿತು.

2024ರ ಅಕ್ಟೋಬರದಲ್ಲಿ ಭಾರತ ಸರಕಾರವು ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ನೀಡಿತು. ಸಮಾಜ ಹರ್ಷಪಟ್ಟಿತು, ಹರ್ಷಪಡುವುದು ಯೋಗ್ಯವೇ. ಆದರೆ ಹರ್ಷಪಟ್ಟ ಎಷ್ಟು ಮನೆಗಳಿಂದ ಒಬ್ಬ ಮಗನೋ ಮಗಳೋ ಆ ಭಾಷೆ ಕಲಿಯಲು ಹೊರಟಿದ್ದಾರೆ? "ಅದನ್ನು ಕಲಿತರೆ ಹೊಟ್ಟೆಗೇನು?" ಎಂದು ತಂದೆತಾಯಿಗಳು ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲಾಗದು. ಇಂಜಿನಿಯರಿಗೂ ವೈದ್ಯನಿಗೂ ದೊರೆಯುವ ಸಂಬಳ ಪ್ರಾಕೃತ ಪಂಡಿತನಿಗೆ ದೊರೆಯದೆಂಬುದು ಸತ್ಯ. ಹುಬ್ಬಳ್ಳಿಯ ಪೇಟೆಯಲ್ಲಿ ಲಾಭ-ಹಾನಿ ನೋಡದೆ ಯಾರೂ ಅಂಗಡಿ ತೆರೆಯುವುದಿಲ್ಲ. ಆದರೆ ಬಸದಿಯನ್ನು ಕಟ್ಟುವಾಗ ಅದರಿಂದ ಲಾಭವೆಷ್ಟೆಂದು ಯಾರೂ ಕೇಳಲಿಲ್ಲ. ಅದು ಧರ್ಮದ ಖಾತೆಯ ಖರ್ಚೆಂದು ಎಲ್ಲರೂ ಬಲ್ಲರು. ಭಾಷೆ ಕಲಿಯುವ ವಿದ್ಯಾರ್ಥಿಯ ಖರ್ಚೂ ಅದೇ ಖಾತೆಗೆ ಸೇರಬೇಕಾದದ್ದು. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರದಾನವನ್ನೂ ಆಚಾರ್ಯರು ಶ್ರಾವಕರಿಗೆ ವಿಧಿಸಿದ್ದಾರೆ. ಭಾರವನ್ನು ಆ ವಿದ್ಯಾರ್ಥಿಯೊಬ್ಬನ ಮನೆಯ ಮೇಲೆಯೇ ಹೊರಿಸಿ, ಸಮಾಜವು ಕೈಕಟ್ಟಿ ಕೂಡುವುದು ನ್ಯಾಯವಲ್ಲ.

1899ರಲ್ಲಿ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದ ಹಿರಿಯರು ಇದನ್ನು ಅರಿತಿದ್ದರು. ಹಳ್ಳಿಯ ಬಡ ಹುಡುಗರಿಗಾಗಿ ಅವರು ಪಟ್ಟಣಗಳಲ್ಲಿ ಬೋರ್ಡಿಂಗುಗಳನ್ನು ತೆರೆದರು.

ಆದ್ದರಿಂದ ಸಭೆಯ ಮುಂದೆ ಒಂದು ವಿನಂತಿ. ಬೋಲಿಯ ಹಣದಲ್ಲಿ ಒಂದು ಪಾಲನ್ನು ಠೇವಣಿಯಾಗಿಟ್ಟು, ಅದರ ಬಡ್ಡಿಯಿಂದ ಪ್ರತಿವರ್ಷ ಒಬ್ಬರಿಗಾದರೂ ಪ್ರಾಕೃತ ಅಥವಾ ಸಂಸ್ಕೃತದ ಉಚ್ಚ ಅಭ್ಯಾಸಕ್ಕೆ ವಿದ್ಯಾರ್ಥಿವೇತನ ಕೊಡುವಂತಾಗಲಿ. ಜ್ಯೇಷ್ಠ ಶುದ್ಧ ಪಂಚಮಿಯು ಶ್ರುತಪಂಚಮಿ. ಷಟ್ಖಂಡಾಗಮದ ರಚನೆ ಪೂರ್ಣವಾದ ಸ್ಮರಣೆಯ ದಿನ. ಅಂದು ಗ್ರಂಥಕ್ಕೆ ಹೂವೇರಿಸುವ ಶ್ರಾವಕರು ಆ ವಿದ್ಯಾರ್ಥಿಯಿಂದ ಅದರ ಒಂದು ಪುಟವನ್ನು ಓದಿಸಿ ಅರ್ಥ ಕೇಳಲಿ. ಆಗ ಶ್ರುತಪೂಜೆಯೂ ಸಾರ್ಥಕವಾದೀತು.

ಜೈ ಜಿನೇಂದ್ರ.